ಡಬ್ಬಿ ಮುಚ್ಚಳದಿಂದ ಶುರು: ಎಲ್‌ಕೆಜಿಗೆ ಮುಂಚಿನ ಏಳು ವಾರ

ಏಪ್ರಿಲ್ 10

ಜೂನ್ 1ಕ್ಕೆ ಪುಟ್ಟನಿಗೆ 4 ವರ್ಷ 2 ತಿಂಗಳು. ಎಲ್‌ಕೆಜಿಗೆ ಸೀಟು ಸಿಕ್ಕಿದೆ. ಅಕ್ಷರ, ಅಂಕಿಯ ಚಿಂತೆ ನನಗಿಲ್ಲ, ಅದನ್ನು ಶಾಲೆಯಲ್ಲೇ ಕಲಿಯುತ್ತಾನೆ. ಕಳೆದ ವರ್ಷ ಅಕ್ಕನ ಮಗ ಮೊದಲ ವಾರವಿಡೀ ಡಬ್ಬಿಯನ್ನು ತುಂಬಿದ ಹಾಗೇ ವಾಪಸ್ ತರುತ್ತಿದ್ದ. ಊಟ ಸೇರುತ್ತಿಲ್ಲ ಅಂದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ, ಮಿಸ್ಸನ್ನು ಕೇಳಲು ನಾಚಿಕೆ. ಅಷ್ಟು ಚಿಕ್ಕ ಮಗು ಹಸ್ಕೊಂಡು ಕೂತಿತ್ತಲ್ಲ ಅಂತ ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಹಾಗಾಗಿ ಈ ರಜೆಯಲ್ಲಿ ನಾಲ್ಕೇ ಕೆಲಸ: ಗುಂಡಿ, ಶೂ, ಡಬ್ಬಿ, ಒಂದಕ್ಕೆ ಹೋಗುವುದು.

ಏಪ್ರಿಲ್ 14

ಗುಂಡಿಯಿಂದ ಶುರು ಮಾಡಿದೆ. ಮೈಮೇಲಿನ ಅಂಗಿಯಲ್ಲೇ ಕಲಿಸಲು ಹೋಗಿ ಇಬ್ಬರಿಗೂ ಅಳು ಬಂತು. ಕತ್ತಿನ ಹತ್ತಿರದ ಗುಂಡಿ ಅವನಿಗೆ ಕಾಣುವುದೇ ಇಲ್ಲ, ಪಾಪ.

ಮಾಂಟೆಸ್ಸೋರಿ ಶಾಲೆಗಳಲ್ಲಿ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಗುಂಡಿ, ಹುಕ್ಕು, ದಾರದ ಗಂಟು ಕಲಿಸುತ್ತಾರೆ. ಮರಿಯಾ ಮಾಂಟೆಸ್ಸೋರಿ 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದವರು. 1939ರಲ್ಲಿ ಮದ್ರಾಸಿಗೆ ಬಂದು ಇಲ್ಲಿನ ಶಿಕ್ಷಕರಿಗೂ ತರಬೇತಿ ಕೊಟ್ಟರು. ನಮ್ಮ ಮನೆಯಲ್ಲಿ ಚೌಕಟ್ಟಿಲ್ಲ, ದಿಂಬಿದೆ. ಇವರ ಹಳೇ ಶರ್ಟನ್ನು ದಿಂಬಿಗೆ ತೊಡಿಸಿ, ಕಾಜ ಸ್ವಲ್ಪ ಬಿಚ್ಚಿ ದೊಡ್ಡದು ಮಾಡಿ, ದಪ್ಪ ಗುಂಡಿ ಹೊಲಿದೆ. ಅದನ್ನು ಅವನ ತೊಡೆಯ ಮೇಲಿಟ್ಟೆ, ಕಾಲರ್ ಅವನ ಕಡೆಗೆ. ಹೀಗಿಟ್ಟರೆ ತನ್ನ ಅಂಗಿಯನ್ನೇ ಬಗ್ಗಿ ನೋಡಿದ ಹಾಗೆ ಇರುತ್ತದೆ, ಎಡ ಬಲ ಅದಲುಬದಲು ಆಗುವುದಿಲ್ಲ.

ಏಪ್ರಿಲ್ 22

ಕೊನೆಯ ಹೆಜ್ಜೆಯನ್ನು ಮಾತ್ರ ಮಗುವಿಗೆ ಬಿಡಬೇಕು. ಇದು ನಿಜಕ್ಕೂ ಕೆಲಸ ಮಾಡಿತು. ಗುಂಡಿಯನ್ನು ಅರ್ಧ ಕಾಜದೊಳಗೆ ನಾನೇ ತೂರಿಸುತ್ತೇನೆ, ಎಳೆಯುವುದು ಅವನು. ಮುಗಿಸಿದ್ದು ತಾನೇ ಆದ್ದರಿಂದ ಮುಖ ಅರಳುತ್ತದೆ. ನಾಲ್ಕು ದಿನದ ನಂತರ ಕಾಲು ಭಾಗ ಮಾತ್ರ ತೂರಿಸಿದೆ. ಈಗ ಕೆಳಗಿನ ಎರಡು ಗುಂಡಿ ಪೂರ್ತಿ ಅವನದೇ.

ಅತ್ತೆ ಮಹಡಿ ಮೇಲೆ ಸಂಡಿಗೆ ಹಾಕುತ್ತಿದ್ದರು. ಇವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಹಿಟ್ಟನ್ನು ಮೂರು ಬೆರಳಲ್ಲಿ ಚಿವುಟಿ ಬಟ್ಟೆಯ ಮೇಲೆ ಇಡಲು ಹೇಳಿಕೊಟ್ಟರು. ಬೆರಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಹೊಳೆದಿರಲಿಲ್ಲ.

ಮೇ 2

ಶೂ ಬೇಗ ಆಯಿತು. ಆನೆಯ ಸ್ಟಿಕ್ಕರ್ ಅರ್ಧಕ್ಕೆ ಕತ್ತರಿಸಿ ಒಂದೊಂದು ಶೂ ಒಳಗೆ ಒಂದೊಂದು ಅರ್ಧ ಅಂಟಿಸಿದೆ. ಜೋಡಿಸಿದಾಗ ಪೂರ್ತಿ ಆನೆ ಕಂಡರೆ ಸರಿ. ವೆಲ್ಕ್ರೋ ಶೂ ತಗೊಂಡಿದ್ದೇವೆ, ಲೇಸ್ ಕಟ್ಟುವುದು ಇನ್ನೊಂದೆರಡು ವರ್ಷ ಬಿಟ್ಟು ಆಗಲಿ.

ಮೇ 9

ಖಾಲಿ ಡಬ್ಬಿಯಲ್ಲಿ ಒಂದು ವಾರ ಅಭ್ಯಾಸ ಮಾಡಿಸಿದ್ದೆ. ಸಲೀಸಾಗಿ ತೆಗೆಯುತ್ತಿದ್ದ. ಇವತ್ತು ಶಾಲೆಯ ಹಾಗೇ ಇರಲಿ ಅಂತ ಬೆಳಗ್ಗೆ 8ಕ್ಕೆ ಬಿಸಿ ಉಪ್ಪಿಟ್ಟು ತುಂಬಿ ಮುಚ್ಚಿಟ್ಟೆ. 10.30ಕ್ಕೆ ಕೊಟ್ಟರೆ ಮುಚ್ಚಳ ಅಲ್ಲಾಡುತ್ತಿಲ್ಲ! ಹೊಟ್ಟೆಗೆ ಒತ್ತಿಕೊಂಡು ಎಳೆದ, ಮುಖ ಕೆಂಪಾಯಿತು. ನನಗೇ ಕಷ್ಟವಾಯಿತು. ಬಿಸಿ ಹಬೆ ಆರಿ ನೀರಾದಾಗ ಒಳಗಿನ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಅಕ್ಕನ ಮಗನಿಗೂ ಇದೇ ಆಗಿತ್ತೋ ಏನೋ. ದಯವಿಟ್ಟು ಆರಿಸಿ ಮುಚ್ಚಿ. ಖಾಲಿ ಡಬ್ಬಿಯಲ್ಲಿ ಕಲಿಸಿದರೆ ಸಾಲದು. ನಾನು ಎರಡು ಕ್ಲಿಪ್ಪಿನ ಡಬ್ಬಿಗೆ ಬದಲಾಯಿಸಿದೆ.

ಮೇ 17

ತುತ್ತು ಮಾಡಿ ತಿನ್ನಿಸುವುದನ್ನು ನಿಲ್ಲಿಸುವುದೇ ಎಲ್ಲಕ್ಕಿಂತ ಕಷ್ಟ. “ಮಗು ಕಣೇ, ಅರ್ಧ ಕೆಳಗೇ ಚೆಲ್ಲುತ್ತೆ” ಅಂದರು ಅತ್ತೆ. ಅವರ ಪ್ರೀತಿ ಇರುವುದೇ ಆ ಕೈತುತ್ತಿನಲ್ಲಿ, ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. “ಅತ್ತೆ, ರಾತ್ರಿ ನೀವೇ ತಿನ್ನಿಸಿ, ಬೆಳಗ್ಗೆ ಅವನೇ ತಿನ್ನಲಿ” ಅಂದೆ. ಒಪ್ಪಿದರು. ಇವನು ಮೊದಲ ದಿನ ತಿಂದು ಮುಗಿಸಲು 45 ನಿಮಿಷ, ಇವತ್ತು 25.

ಮೇ 24

ಮನೆಯಲ್ಲಿ ಇವನು “ಸುಸ್ಸು” ಅನ್ನುತ್ತಾನೆ, ಅದೂ ನನ್ನ ಕಿವಿಯಲ್ಲಿ. ತರಗತಿಯಲ್ಲಿ ಎಲ್ಲರ ಮುಂದೆ ಕೇಳಬೇಕಲ್ವಾ? ದಿನಾ ಶಾಲೆ ಆಟ ಆಡುತ್ತೇವೆ. ಅಜ್ಜಿಯೇ ಮಿಸ್. ಕೈ ಎತ್ತಿ “ಮಿಸ್, ಒಂದಕ್ಕೆ ಹೋಗ್ಬೇಕು” ಅನ್ನಬೇಕು. “ಮಿಸ್, ಡಬ್ಬಿ ತೆಗೆದುಕೊಡಿ” ಅನ್ನುವುದನ್ನೂ ಸೇರಿಸಿದೆ. ಚಡ್ಡಿಗೆ ಹುಕ್ಕು ಬೇಡ, ಎಲಾಸ್ಟಿಕ್ ಇರಲಿ. ಶಾಲೆಯಲ್ಲಿರುವುದು ಕುಕ್ಕರುಗಾಲಲ್ಲಿ ಕೂರುವ ಕಕ್ಕಸು. ಅವನನ್ನು ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದೆ.

ಮೇ 28

ಇನ್ನು ಉಳಿದಿರುವುದು ರೇನ್‌ಕೋಟು. ತೀರ್ಥಹಳ್ಳಿಯ ಜೂನ್ ಗೊತ್ತಲ್ಲ. ರೇನ್‌ಕೋಟನ್ನು ಅಂಗಾತ ನೆಲದ ಮೇಲೆ ಹರಡಿ, ಕಾಲರ್ ಪಾದದ ಹತ್ತಿರ ಇರುವ ಹಾಗೆ ನಿಂತು, ಬಗ್ಗಿ ಎರಡೂ ತೋಳಿಗೆ ಕೈ ತೂರಿಸಿ, ತಲೆಯ ಮೇಲಿಂದ ಹಿಂದಕ್ಕೆ ಹಾಕಿಕೊಂಡರೆ ಸರಿಯಾಗಿ ಕೂರುತ್ತದೆ. ಎರಡು ಸಲ ಬಂತು, ಮೂರನೇ ಸಲ ಟೋಪಿಯೊಳಗೆ ಮುಖ ಸಿಕ್ಕಿಕೊಂಡಿತು. ಬಿಡಿಸಲು ಅತ್ತೆ ಎದ್ದರು. ಒಳಗಿಂದಲೇ ಕೂಗಿದ, “ಅಜ್ಜೀ, ಬರ್ಬೇಡ, ನಾನೇ!”

ಅತ್ತೆ ಅಲ್ಲೇ ಕೂತರು. ಜಿಪ್ಪಿನ ಕೆಳತುದಿ ಜೋಡಿಸುವುದು ಇನ್ನೂ ಬಂದಿಲ್ಲ, ಸದ್ಯಕ್ಕೆ ಅದು ನನ್ನ ಕೆಲಸ. ಮೇಲಕ್ಕೆ ಎಳೆಯುವುದು ಅವನದು.