ಹೆಸರು ಅಳಿಸಿಹೋದ ಹಳೇ ಚೈನ್‌ಸಾ ರಿಪೇರಿಗೆ ಬಂದರೆ ಮೊದಲು ಎಲ್ಲಿ ನೋಡಬೇಕು

ಚಿಕ್ಕ ಇಂಜಿನ್‌ಗಳ ರಿಪೇರಿ ನನ್ನ ಕೆಲಸ. ಹಳೇ ಚೈನ್‌ಸಾ ತಂದಿಟ್ಟು, "ಯಾವ ಮಾಡೆಲ್ಲೋ ಗೊತ್ತಿಲ್ಲ, ಓಡೋ ಹಾಗೆ ಮಾಡಿಕೊಡಿ" ಅನ್ನುವವರು ಬರುತ್ತಲೇ ಇರುತ್ತಾರೆ. ಸ್ಟಿಕ್ಕರ್ ಅಳಿಸಿಹೋಗಿರುತ್ತದೆ, ಬಣ್ಣ ಎದ್ದಿರುತ್ತದೆ, ಎಷ್ಟೋ ಸಲ ಮೇಲಿನ ಕವರ್ ಬೇರೆ ಮೆಷಿನ್ನಿನದ್ದಾಗಿರುತ್ತದೆ. ಇಂಥ ಕೆಲಸ ಮಾಡುತ್ತಾ ನಾನು ಕಲಿತದ್ದು ಇಷ್ಟು: ಯಾವ ಭಾಗವನ್ನು ಬದಲಾಯಿಸೋದು ಕಷ್ಟವೋ ಆ ಭಾಗದ ಮಾತನ್ನು ಮೊದಲು ನಂಬಬೇಕು. ಕವರ್, ಹ್ಯಾಂಡಲ್, ಸ್ಟಾರ್ಟರ್ ಎಲ್ಲವನ್ನೂ ಯಾರು ಬೇಕಾದರೂ ಸುಲಭವಾಗಿ ಬದಲಾಯಿಸುತ್ತಾರೆ. ಇಂಜಿನ್ನಿನ ತಳದ ಮುಖ್ಯ ಎರಕವಾದ ಕ್ರ್ಯಾಂಕ್‌ಕೇಸ್ ಬದಲಾಯಿಸುವವರು ತೀರಾ ಕಡಿಮೆ.

ಹಾಗಾಗಿ ಬಂದ ತಕ್ಷಣ ಬಿಚ್ಚುವುದಿಲ್ಲ. ಮೊದಲು ಎಲ್ಲಾ ಕಡೆಯಿಂದ ಫೋಟೋ. ಆಮೇಲೆ ಜಿಡ್ಡು ಮೆತ್ತಿರುವ ಕ್ರ್ಯಾಂಕ್‌ಕೇಸನ್ನು ಸೀಮೆಎಣ್ಣೆ ಬ್ರಷ್ಷಿನಿಂದ ನಿಧಾನವಾಗಿ ಉಜ್ಜಿ, ಅಲ್ಲಿ ಕೊರೆದಿರುವ ನಂಬರ್ ಹುಡುಕಬೇಕು. ಹಳೇ ಮೆಷಿನ್‌ಗಳಲ್ಲಿ ಈ ಎರಕ ಸಾಮಾನ್ಯವಾಗಿ ಮೆಗ್ನೀಸಿಯಂನದ್ದು. ಬೇಗ ಹೊಳಪು ಬರಲಿ ಅಂತ ಆಸಿಡ್ ಹಾಕಿದರೆ ಲೋಹವೇ ತಿಂದುಹೋಗುತ್ತದೆ, ನಂಬರ್ ಇದ್ದರೆ ಅದೂ ಹೋಗುತ್ತದೆ. ವೈರ್ ಬ್ರಷ್ ಕೂಡ ಅಲ್ಲಿ ಬೇಡ.

ಸ್ಟಿಲ್ ಕಂಪನಿಯ ಮೆಷಿನ್‌ಗಳಲ್ಲಿ ಕ್ರ್ಯಾಂಕ್‌ಕೇಸ್ ಮೇಲೆ 9 ಅಂಕಿಯ ಸೀರಿಯಲ್ ನಂಬರ್ ಇರುತ್ತದೆ. ಅದಕ್ಕಿಂತ ಬೇಗ ಉಪಯೋಗಕ್ಕೆ ಬರೋದು ಬಿಡಿಭಾಗಗಳ ಒಳಮೈಯಲ್ಲಿ ಎರಕವಾಗಿರುವ ಪಾರ್ಟ್ ನಂಬರ್, ಅದರಲ್ಲೂ ಮೊದಲ ನಾಲ್ಕು ಅಂಕಿ. 1106 ಇದ್ದರೆ 070 ಮತ್ತು 090 ಮಾಡೆಲ್‌ಗಳ ಮನೆತನ. 1125 ಅಂದರೆ 034, 036. 1127 ಅಂದರೆ 029, 039 ಮತ್ತು ಆಮೇಲೆ ಬಂದ ಎಂಎಸ್ 290, 310, 390. ಆದರೆ ಒಂದು ಭಾಗದ ಮೇಲೆ ನಂಬರ್ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಒಂದು ಮಾಡೆಲ್‌ಗಾಗಿ ಮಾಡಿದ ಚಿಕ್ಕ ಭಾಗವನ್ನು ಕಂಪನಿಯವರೇ ನಂತರದ ಮಾಡೆಲ್‌ಗಳಿಗೂ ಹಳೇ ನಂಬರ್‌ನಲ್ಲೇ ಹಾಕಿರುತ್ತಾರೆ. ನಾಲ್ಕೈದು ಕಡೆ ಒಂದೇ ನಂಬರ್ ಬಂದರೆ, ಅದರಲ್ಲಿ ಕ್ರ್ಯಾಂಕ್‌ಕೇಸ್ ಅಥವಾ ಟ್ಯಾಂಕ್ ಕೂಡ ಸೇರಿದ್ದರೆ, ಆಗ ನಂಬಬಹುದು.

ಬೇರೆ ಕಂಪನಿಗಳದ್ದು ಬೇರೆ ಲೆಕ್ಕ. ಹೋಮ್‌ಲೈಟ್‌ನಲ್ಲಿ ಯುಟಿ ಅಂತ ಶುರುವಾಗುವ ನಂಬರ್ ಹುಡುಕಬೇಕು, ಮಾಡೆಲ್ ಹೇಳೋದು ಅದೇ. ಕ್ರಾಫ್ಟ್ಸ್‌ಮನ್ ಅಂತ ಬರೆದಿದ್ದರೆ ಅದು ಸಿಯರ್ಸ್ ಅಂಗಡಿಯ ಹೆಸರು, ತಯಾರಿಸಿದವರ ಹೆಸರಲ್ಲ. ನಂಬರ್ 358 ಅಂತ ಶುರುವಾದರೆ ಒಳಗಿರೋದು ಪೌಲನ್ ಕಂಪನಿಯ ಮೆಷಿನ್, ಬಿಡಿಭಾಗವನ್ನೂ ಆ ಹೆಸರಲ್ಲೇ ಹುಡುಕಬೇಕು. ಇದು ಗೊತ್ತಿಲ್ಲದೆ ಸುಮ್ನೆ ಅಲೆದಾಡುವವರು ಬಹಳ ಜನ.

ನಂಬರ್ ಪೂರ್ತಿ ಸವೆದಿದ್ದರೆ ಕಟ್ಟಿರುವ ರೀತಿಯಿಂದ ಕಾಲವನ್ನಾದರೂ ಅಂದಾಜು ಮಾಡಬಹುದು. ಇಂಜಿನ್‌ಗೂ ಚೈನ್ ಓಡಿಸುವ ಹಲ್ಲುಚಕ್ರಕ್ಕೂ ನಡುವೆ ಗೇರ್ ಇದೆಯಾ ನೋಡಿ. ಸ್ಟಿಲ್ 1959ರಲ್ಲಿ ಗೇರ್ ಇಲ್ಲದ ಕಾಂಟ್ರಾ ತಂದಿತು, ಆಮೇಲೆ ಕ್ಲಚ್ಚಿನಿಂದ ನೇರವಾಗಿ ಚೈನ್ ಓಡುವುದೇ ಎಲ್ಲ ಕಡೆ ರೂಢಿಯಾಯಿತು. ಹಸ್ಕ್ವರ್ನಾ ತನ್ನ ಮೊದಲ ಚೈನ್‌ಸಾ ಮಾಡಿದ್ದೂ 1959ರಲ್ಲೇ. ಮೆಷಿನ್ ಎಗರಿದಾಗ ಚೈನನ್ನು ತಾನೇ ನಿಲ್ಲಿಸುವ ಅದರ ಅಟೋಮ್ಯಾಟಿಕ್ ಚೈನ್ ಬ್ರೇಕ್ ಬಂದದ್ದು 1973ರಲ್ಲಿ. ಫ್ಲೈವೀಲ್ ಕೆಳಗೆ ಪಾಯಿಂಟ್ ಮತ್ತು ಕಂಡೆನ್ಸರ್ (ಸ್ಪಾರ್ಕ್ ಕೊಡುವ ಹಳೇ ಪದ್ಧತಿಯ ಭಾಗಗಳು) ಇದ್ದರೆ ಹಳೇ ಕಾಲದ್ದು ಅನ್ನೋದು ಇನ್ನಷ್ಟು ಗಟ್ಟಿ. ಚೈನ್ ನೋಡಿ ಮಾತ್ರ ಕಾಲ ಹೇಳಲು ಹೋಗಬೇಡಿ. ಅಮೆರಿಕದ ಜೋ ಕಾಕ್ಸ್ 1947ರಲ್ಲಿ ಮಾರಾಟಕ್ಕೆ ತಂದ, ಮರದ ಹುಳ ಕೊರೆಯುವ ರೀತಿ ನೋಡಿ ಮಾಡಿದ ಚಿಪ್ಪರ್ ಚೈನ್ ನಿಮ್ಮ ಕೈಗೆ ಬರುವ ಸಾಧ್ಯತೆ ಕಡಿಮೆ. ಚೈನ್ ಸವೆಯುವ ಸಾಮಾನು, ಎಷ್ಟು ಸಲ ಬದಲಾಗಿದೆಯೋ ಯಾರಿಗೆ ಗೊತ್ತು.

ನನಗೆ ತುಂಬಾ ಇಷ್ಟವಾದ ಕೆಲಸ ಅಂದರೆ ಸಿಲಿಂಡರ್ ಅಳೆಯೋದು. ಅಳತೆ ಸುಳ್ಳು ಹೇಳುವುದಿಲ್ಲ. 034 ಮತ್ತು 036 ಹೊರಗಿನಿಂದ ಒಂದೇ ಥರ ಕಾಣುತ್ತವೆ, ಎರಡರದ್ದೂ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 34 ಮಿ.ಮೀ. ಆದರೆ 034ರ ಬೋರ್, ಅಂದರೆ ಸಿಲಿಂಡರಿನ ಒಳ ವ್ಯಾಸ, 46 ಮಿ.ಮೀ., 036ರದ್ದು 48. ಬೋರನ್ನು ಬೋರಿನಿಂದಲೇ ಗುಣಿಸಿ, ಅದನ್ನು 0.7854ರಿಂದ, ಮತ್ತೆ ಸ್ಟ್ರೋಕ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಸಿಸಿ ಸಿಗುತ್ತದೆ: ಒಂದು 56.5, ಇನ್ನೊಂದು 61.5. ಹೀಗಾಗಿ ಮೇಲೆ 034 ಅಂತ ಇದ್ದರೂ ಒಳಗೆ 48ರ ಸಿಲಿಂಡರ್ ಇರಬಹುದು. 034 ಸೂಪರ್‌ಗೆ ಕಂಪನಿಯೇ ಅದನ್ನು ಹಾಕಿತ್ತು, ಇಲ್ಲವೇ ಹಿಂದಿನ ಮಾಲೀಕರು ಯಾರೋ ಬದಲಾಯಿಸಿರಬಹುದು. ಅಳೆಯದೆ ಪಿಸ್ಟನ್ ತರಿಸಿದರೆ ಹಣ ದಂಡ ಅಲ್ವಾ?

ಇನ್ನೊಂದು ವಿಷಯ. ಮಾಡೆಲ್ ಗೊತ್ತಾಗುವವರೆಗೆ ಕೆಲಸ ನಿಲ್ಲಿಸಬೇಕಾಗಿಲ್ಲ. ಕಾರ್ಬುರೇಟರ್ ಮೇಲೆ ಅದರದ್ದೇ ಹೆಸರು ಇರುತ್ತದೆ: ವಾಲ್ಬ್ರೋ, ಟಿಲೊಟ್ಸನ್ ಅಥವಾ ಝಾಮಾ. ಪಕ್ಕದಲ್ಲೇ ನಂಬರ್ ಕೂಡ ಕೊರೆದಿರುತ್ತಾರೆ. ಆ ನಂಬರ್ ಕೊಟ್ಟರೆ ಸಾಕು, ಡಯಾಫ್ರಾಮ್ ಗ್ಯಾಸ್ಕೆಟ್ ಇರುವ ರಿಪೇರಿ ಕಿಟ್ ಸಿಗುತ್ತದೆ, ಚೈನ್‌ಸಾ ಯಾವುದು ಅಂತ ಯಾರೂ ಕೇಳುವುದಿಲ್ಲ. ಚೈನ್ ಕೂಡ ಹಾಗೆಯೇ. ಮೂರು ರಿವೆಟ್‌ಗಳ ದೂರ ಅಳೆದು ಅರ್ಧ ಮಾಡಿದರೆ ಪಿಚ್ ಬಂತು. ಬಾರಿನ (ಚೈನ್ ಸುತ್ತುವ ಉದ್ದ ಪಟ್ಟಿಯ) ಸಂದಿನ ಅಗಲ ಗೇಜ್, ಕೆಳಗಿನ ಡ್ರೈವ್ ಹಲ್ಲುಗಳನ್ನು ಎಣಿಸಿದರೆ ಉದ್ದ. ಕ್ರ್ಯಾಂಕ್ ದಂಡದ ಸುತ್ತ ಗಾಳಿ ಸೋರದಂತೆ ತಡೆಯುವ ಬಳೆ, ಆಯಿಲ್ ಸೀಲ್‌ಗೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಸಾಕು. ಮಾಡೆಲ್ ನಿಜವಾಗಿ ಬೇಕಾಗೋದು ಸಿಲಿಂಡರ್, ಪಿಸ್ಟನ್, ಕಾಯಿಲ್ ಮತ್ತು ಎರಕದ ಭಾಗಗಳಿಗೆ ಮಾತ್ರ.

ಇವನ್ನೆಲ್ಲ ತರಿಸುವ ಮುಂಚೆ ಮೆಷಿನ್‌ಗೆ ಜೀವ ಇದೆಯಾ ಅಂತ ನೋಡಬೇಕು. ಸೈಲೆನ್ಸರ್ ಬಿಚ್ಚಿ, ದಾರ ನಿಧಾನವಾಗಿ ಎಳೆಯುತ್ತಾ ಎಕ್ಸಾಸ್ಟ್ ತೂತಿನಿಂದ ಪಿಸ್ಟನ್ ನೋಡಿ. ಎಕ್ಸಾಸ್ಟ್ ಬದಿಯಲ್ಲಿ ಉದ್ದುದ್ದ ಗೀರು ಇದ್ದರೆ ಆಯಿಲ್ ಕಡಿಮೆಯಾಗಿದೆ, ಇಲ್ಲವೇ ಪೆಟ್ರೋಲಿಗಿಂತ ಗಾಳಿ ಜಾಸ್ತಿ ಹೋಗಿ ಬಿಸಿಯಾಗಿದೆ. ಇನ್‌ಟೇಕ್ ಬದಿಯಲ್ಲಿ ಮಾತ್ರ ಸವೆದು ಮಂಕಾಗಿದ್ದರೆ ಫಿಲ್ಟರ್ ದಾಟಿ ದೂಳು ಒಳಗೆ ಹೋಗಿದೆ. ಎರಡೂ ಕಡೆ ನುಣುಪಾಗಿದ್ದು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) 150 ಪಿಎಸ್‌ಐ ಸುತ್ತಮುತ್ತ ಬಂದರೆ ನನಗೆ ಖುಷಿ. 110ಕ್ಕಿಂತ ಕೆಳಗಿದ್ದರೆ ಸ್ಟಾರ್ಟ್ ಆಗೋದೇ ಕಷ್ಟ, ಕನಿಷ್ಠ ರಿಂಗ್ ಆದರೂ ಬದಲಾಯಿಸಬೇಕು. ಸಿಲಿಂಡರ್‌ಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟಿಕೊಂಡಿದ್ದರೆ ನುಣುಪು ಎಮ್ರಿ ಪೇಪರ್‌ನಿಂದ ಕೈಯಲ್ಲೇ ತೆಗೆಯುತ್ತೇನೆ, ತಾಳ್ಮೆ ಬೇಕು. ಅದರ ಕೆಳಗಿನ ಗಟ್ಟಿ ಲೇಪನ ಚೆನ್ನಾಗಿದ್ದರೆ ಸಿಲಿಂಡರ್ ಉಳಿಯುತ್ತದೆ. ಲೇಪನವೇ ಕಿತ್ತಿದ್ದರೆ ಬೇರೆ ಸಿಲಿಂಡರ್ ಹುಡುಕಬೇಕು, ಅದನ್ನು ಮಾಲೀಕರಿಗೆ ಆಗಲೇ ಹೇಳಿಬಿಡಬೇಕು.

ಬಹಳ ಜನ ಬಿಡುವ ಹಂತ ಅಂದರೆ ಗಾಳಿ ಸೋರಿಕೆಯ ಪರೀಕ್ಷೆ. ವರ್ಷಗಟ್ಟಲೆ ಸುಮ್ನೆ ಬಿದ್ದ ಮೆಷಿನ್‌ನಲ್ಲಿ ಆಯಿಲ್ ಸೀಲ್ ಒಣಗಿ ಬಿರುಸಾಗಿರುತ್ತದೆ. ಕಾರ್ಬುರೇಟರ್ ಕಿಟ್ ಹಾಕಿ, ಹೊಸ ಪ್ಲಗ್ ಹಾಕಿ, ಸ್ಟಾರ್ಟ್ ಆಯಿತು ಅಂತ ಕೊಟ್ಟರೆ, ಸೀಲ್‌ನಿಂದ ಗಾಳಿ ಎಳೆದುಕೊಂಡು ಮಿಶ್ರಣ ತೆಳುವಾಗಿ, ಅಷ್ಟು ವರ್ಷ ಉಳಿದಿದ್ದ ಪಿಸ್ಟನ್ ಮೊದಲ ದೊಡ್ಡ ಕೆಲಸದಲ್ಲೇ ಸುಟ್ಟುಹೋಗುತ್ತದೆ. ಅದಕ್ಕೆ ಇನ್‌ಟೇಕ್, ಎಕ್ಸಾಸ್ಟ್ ಎರಡನ್ನೂ ರಬ್ಬರ್ ಹಾಳೆಯಿಂದ ಮುಚ್ಚಿ, ಕೈಪಂಪ್‌ನಲ್ಲಿ ಅರ್ಧ ಬಾರ್ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದಾ ನೋಡಬೇಕು. ಆಮೇಲೆ ಅಷ್ಟೇ ವ್ಯಾಕ್ಯೂಮ್ ಕೊಟ್ಟು ನೋಡಬೇಕು. ಒತ್ತಡ ತಡೆಯುವ ಸೀಲ್ ವ್ಯಾಕ್ಯೂಮ್‌ನಲ್ಲಿ ಸೋರೋದು ಉಂಟು, ಹಾಗಾಗಿ ಎರಡೂ ಬೇಕೇ ಬೇಕು. ಪೆಟ್ರೋಲ್ ಪೈಪು, ಟ್ಯಾಂಕ್ ಒಳಗಿನ ಫಿಲ್ಟರ್, ಕ್ರ್ಯಾಂಕ್‌ಕೇಸಿನ ಒತ್ತಡವನ್ನು ಕಾರ್ಬುರೇಟರ್‌ಗೆ ಮುಟ್ಟಿಸುವ ಇಂಪಲ್ಸ್ ಪೈಪು ಇವನ್ನು ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ, ನೇರ ಬದಲಾಯಿಸುತ್ತೇನೆ.

ಸೀಲ್ ಬದಲಾಯಿಸಲು ಕ್ಲಚ್ ಬಿಚ್ಚಬೇಕು. ಹೆಚ್ಚಿನ ಚೈನ್‌ಸಾಗಳಲ್ಲಿ ಅದರ ಥ್ರೆಡ್ ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಪ್ಲಗ್ ತೂತಿನಿಂದ ಮೆತ್ತನೆ ಹಗ್ಗ ತುರುಕಿ ಪಿಸ್ಟನ್ ನಿಲ್ಲಿಸಿ, ಆದರೆ ಪಿಸ್ಟನ್ ಎಕ್ಸಾಸ್ಟ್ ತೂತನ್ನು ದಾಟಿ ಮೇಲೆ ಬಂದ ಮೇಲೆ ಮಾತ್ರ. ಇಲ್ಲವಾದರೆ ಹಗ್ಗ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪಾಯಿಂಟ್ ಇರುವ ಮೆಷಿನ್‌ನಲ್ಲಿ ಸ್ಪಾರ್ಕ್ ಬರದಿದ್ದರೆ ಕಾಯಿಲ್ ಹೋಯಿತು ಅನ್ನುವ ಮುಂಚೆ ಪಾಯಿಂಟ್ ಒರೆಸಿ ನೋಡಿ. ತುಕ್ಕಿನ ತೆಳು ಪದರ ಸಾಕು ಸ್ಪಾರ್ಕ್ ನಿಲ್ಲಲು.

ಪೆಟ್ರೋಲಿಗೆ ಆಯಿಲ್ ಎಷ್ಟು ಅನ್ನುವ ಪ್ರಶ್ನೆ ಪ್ರತಿಯೊಬ್ಬರೂ ಕೇಳುತ್ತಾರೆ. ಹಳೇ ಮೆಷಿನ್ ಮೇಲೆ 16ಕ್ಕೆ 1 ಅಂತ ಬರೆದಿದ್ದರೆ ಅದು ಆ ಕಾಲದ ಆಯಿಲ್‌ಗೆ ಹೇಳಿದ ಲೆಕ್ಕ. ಈಗಿನ ಒಳ್ಳೇ ಟೂ-ಸ್ಟ್ರೋಕ್ ಆಯಿಲ್‌ನಲ್ಲಿ ಅಷ್ಟು ಬೇಕಾಗುವುದಿಲ್ಲ. ನಾನು ಹಳೆಯದಕ್ಕೆ 40ಕ್ಕೆ 1 ಹಾಕಿ, ಎಚ್ ಸ್ಕ್ರೂವನ್ನು (ಪೂರ್ತಿ ವೇಗದಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಕಾರ್ಬುರೇಟರ್ ಸ್ಕ್ರೂ) ಸ್ವಲ್ಪ ರಿಚ್ ಕಡೆಗೇ, ಅಂದರೆ ಪೆಟ್ರೋಲ್ ಜಾಸ್ತಿ ಹೋಗುವ ಹಾಗೆ, ಇಡುತ್ತೇನೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಸ್ವಲ್ಪ ಒಡೆದಂತೆ ಇರಬೇಕು, ಮರಕ್ಕೆ ಇಟ್ಟ ತಕ್ಷಣ ನುಣ್ಣಗಾಗಬೇಕು. ಮರಕ್ಕೆ ಇಡುವ ಮೊದಲೇ ಸದ್ದು ಚೂಪಾಗಿ ಕಿರುಚಿದರೆ ತಕ್ಷಣ ಆಫ್ ಮಾಡಿ.

ಚೈನ್ ಬ್ರೇಕ್ ಇಲ್ಲದ ಮೆಷಿನ್ ಆದರೆ ಕೊಡುವಾಗ ನಾನು ಒಂದು ಮಾತು ಬಿಡದೆ ಹೇಳುತ್ತೇನೆ: ದಿನದ ಕೆಲಸಕ್ಕೆ ಇದನ್ನು ಬಳಸಬೇಡಿ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಮೆಷಿನ್ ಮುಖಕ್ಕೇ ಎಗರುತ್ತದೆ, ಕಣ್ಣು ಮಿಟುಕಿಸುವಷ್ಟೂ ಸಮಯ ಸಿಗುವುದಿಲ್ಲ, ಆಗ ಚೈನ್ ನಿಲ್ಲಿಸಲು ಇದರಲ್ಲಿ ಏನೂ ಇಲ್ಲ. ಆಗಾಗ ಸ್ಟಾರ್ಟ್ ಮಾಡಿ, ನೆಲದ ಮೇಲಿನ ದಿಮ್ಮಿ ಬಾರಿನ ನಡುಭಾಗದಲ್ಲಿ ಕೊಯ್ದು, ಟ್ಯಾಂಕ್ ಖಾಲಿ ಮಾಡಿ ಇಡಿ. ಜೊತೆಗೆ ಬೋರ್, ಸ್ಟ್ರೋಕ್, ಕಾರ್ಬುರೇಟರ್ ನಂಬರ್, ಸೀಲ್ ಅಳತೆ, ಚೈನ್ ಪಿಚ್, ಗೇಜ್, ಹಲ್ಲಿನ ಲೆಕ್ಕ ಎಲ್ಲ ಬರೆದ ಚೀಟಿ ಕೊಡುತ್ತೇನೆ. ಮುಂದೆ ಅದನ್ನು ಬಿಚ್ಚುವವರು ಯಾರೇ ಇರಲಿ, ಮತ್ತೆ ಮೊದಲಿಂದ ಹುಡುಕಬೇಕಾಗಿಲ್ಲ.