ಮಾರಾಟಕ್ಕಿರುವ ಬಂಗಲೆ

ಸಕಲೇಶಪುರದ ಹತ್ತಿರ ಹಳೆಯ ಕಾಫಿ ತೋಟದ ಬಂಗಲೆಯೊಂದು ಮಾರಾಟಕ್ಕಿದೆಯೆಂದು ಗೆಳೆಯರು ಹೇಳಿದರು. ಇಂದು ನೋಡಿ ಬಂದೆ. ತೋಟವೆಲ್ಲ ಎಂದೋ ಪಾಲಾಗಿ ಹೋಗಿದೆ. ಉಳಿದಿರುವುದು ಮನೆ, ಬಾವಿ, ಎರಡು ಹಲಸಿನ ಮರ. ಹಾಸನದಲ್ಲಿ ಒಂದು ನಿವೇಶನ ಕೊಳ್ಳುವ ದುಡ್ಡಿಗೆ ಇಡೀ ಮನೆ ಸಿಗುತ್ತದೆ.

ಒಳಗೆ ಕಾಲಿಟ್ಟವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಕೆಂಪು ಗಾರೆಯ ನೆಲ ಇನ್ನೂ ಹೊಳೆಯುತ್ತಿದೆ. ಬೀಟೆಯ ಬಾಗಿಲುಗಳಿಗೆ ಯಾರೂ ಬಣ್ಣ ಬಳಿದಿಲ್ಲ. ಜಗಲಿಯ ಮೂಲೆಯಲ್ಲಿ ಬಿದ್ದಿದ್ದ ಹೆಂಚೊಂದನ್ನು ತಿರುಗಿಸಿದರೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಮುದ್ರೆ! 1865ರಲ್ಲಿ ಮಂಗಳೂರಿನಲ್ಲಿ ಆ ಮಿಷನ್ ಆರಂಭಿಸಿದ ಕಾರ್ಖಾನೆಯಿಂದಲೇ ಮಂಗಳೂರು ಹೆಂಚು ನಾಡಿಗೆಲ್ಲ ಹಬ್ಬಿದ್ದು. ಎತ್ತಿನ ಗಾಡಿಯಲ್ಲಿ ಘಾಟಿ ಹತ್ತಿಸಿ ತಂದಿರಬೇಕು, ಒಂದೊಂದನ್ನೂ ಹುಲ್ಲಿನಲ್ಲಿ ಸುತ್ತಿ. ಮಲೆನಾಡಿನ ಮಳೆಗೆಂದೇ ಮಾಡು ಇಷ್ಟು ಇಳಿಜಾರು; ಸುತ್ತಲೂ ಜಗಲಿ ಇರುವುದರಿಂದ ಇರಚಲು ಗೋಡೆಗೆ ತಾಗುವುದಿಲ್ಲ. (ಬಂಗಲೆ ಎಂಬ ಮಾತಿನ ಮೂಲ ಬಂಗಾಳ, ಅಲ್ಲಿನ ಹಳ್ಳಿಮನೆಗಳು.)

"ಕೆಡವಿ ಹೋಮ್‌ಸ್ಟೇ ಕಟ್ಟಬಹುದು" ಎಂದರು ದಲ್ಲಾಳಿ. ಎದೆ ಧಸಕ್ಕೆಂದಿತು. ಅಡುಗೆಮನೆಯ ಕಡೆ ಒಂದಷ್ಟು ರೀಪುಗಳನ್ನು ಗೆದ್ದಲು ತಿಂದಿದೆ, ಅಷ್ಟೆ. ಕೊಳ್ಳುವಷ್ಟು ಹಣ ನನ್ನಲ್ಲಿಲ್ಲ. ಈ ಮನೆಯನ್ನು ಹೀಗೆಯೇ ಉಳಿಸಿಕೊಳ್ಳುವ ಮನಸ್ಸಿರುವವರು ಇದ್ದರೆ ಮಳೆ ಹಿಡಿಯುವ ಮೊದಲು ತಿಳಿಸಿ. ನಾನೇ ಜೊತೆಗೆ ಬಂದು ತೋರಿಸುತ್ತೇನೆ.