ಬ್ಯಾಗಿನಲ್ಲಿ ಹಿಡಿಸುವ ದಿನಚರಿ

28 ಅಕ್ಟೋಬರ್ 2025, ಮಂಗಳವಾರ
ಲಿಸ್ಬನ್, ಪೋರ್ಚುಗಲ್, ರಾತ್ರಿ 8.40

ಇವತ್ತು ಮೀಟಿಂಗ್ ತಪ್ಪಿಹೋಯಿತು. ನಿದ್ದೆ ಬಂದು ಅಲ್ಲ, ನೆಟ್ ಕೈಕೊಟ್ಟೂ ಅಲ್ಲ. ಸರಿಯಾಗಿ ಎರಡು ಗಂಟೆಗೆ ತಲೆ ಬಾಚಿಕೊಂಡು ಕ್ಯಾಮೆರಾ ಮುಂದೆ ಕೂತೆ. ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ತಡ, ನಾನೊಬ್ಬನೇ ಶಿಸ್ತಿನ ಮನುಷ್ಯ ಅಂದುಕೊಂಡು ಐದು ನಿಮಿಷ ಕಾದೆ. ಆಮೇಲೆ ಚಾಟ್ ತೆರೆದರೆ ಮೀಟಿಂಗ್ ಮುಗಿದು ಇಪ್ಪತ್ತು ನಿಮಿಷ ಆಗಿತ್ತು. ಕೊನೆಯ ಮೆಸೇಜು: 'ಹುಷಾರಾಗಿದ್ದೀರಾ?'

ಆಗಿದ್ದು ಇಷ್ಟೇ. ಬೇಸಿಗೆಗೆ ಅಂತ ಒಂದು ಗಂಟೆ ಮುಂದಕ್ಕೆ ಇಟ್ಟಿದ್ದ ಯುರೋಪಿನ ಗಡಿಯಾರಗಳು ಮೊನ್ನೆ ಭಾನುವಾರ ಮತ್ತೆ ಒಂದು ಗಂಟೆ ಹಿಂದಕ್ಕೆ ಹೋದವು. ಅಮೆರಿಕದಲ್ಲಿ ಹಿಂದಕ್ಕೆ ಹೋಗುವುದು ಬರುವ ಭಾನುವಾರ, ನವೆಂಬರ್ 2ಕ್ಕೆ. ನಾನು ಊರೂರು ಸುತ್ತುತ್ತಾ ಲ್ಯಾಪ್‌ಟಾಪಿನಲ್ಲೇ ಆಫೀಸಿನ ಕೆಲಸ ಮಾಡುವವನು, ನನ್ನ ಟೀಮ್ ಇರುವುದು ನ್ಯೂಯಾರ್ಕಿನಲ್ಲಿ. ಇಲ್ಲಿಗೂ ಅಲ್ಲಿಗೂ ಸಾಮಾನ್ಯವಾಗಿ ಐದು ಗಂಟೆ ವ್ಯತ್ಯಾಸ, ಈ ವಾರ ಮಾತ್ರ ನಾಲ್ಕು. ಅಂದರೆ ಅವರ ಬೆಳಗಿನ ಒಂಬತ್ತು ಈ ವಾರ ನನಗೆ ಮಧ್ಯಾಹ್ನದ ಒಂದು, ಎರಡಲ್ಲ. ಕ್ಯಾಲೆಂಡರ್ ಆ್ಯಪ್‌ಗೆ ಪಾಪ ಇದೆಲ್ಲ ಗೊತ್ತಿತ್ತು. ನಾನೇ ಅದರ ಬಾಯಿ ಮುಚ್ಚಿಸಿ, 1.55ಕ್ಕೆ ನನ್ನದೇ ಅಲಾರಂ ಇಟ್ಟುಕೊಂಡಿದ್ದೆ. ದಿನಚರಿ ಅಂದರೆ ಗಡಿಯಾರದಷ್ಟು ಗಟ್ಟಿಯಾಗಿರಬೇಕು ಅಂತ ನನ್ನ ಹಠ. ಗಡಿಯಾರವೇ ಅಲ್ಲಾಡುತ್ತದೆ ಅಂತ ಯಾರಿಗೆ ಗೊತ್ತು!

ಗೊತ್ತಿರಬೇಕಿತ್ತು, ಬಿಡಿ. ಇದೇ ಪಾಠ ಹೋದ ತಿಂಗಳೂ ಆಗಿತ್ತು. ಸೆಪ್ಟೆಂಬರಿನಲ್ಲಿ ಜಾರ್ಜಿಯಾ ದೇಶದ ಟ್ಬಿಲಿಸಿಯಲ್ಲಿದ್ದೆ. ಅಲ್ಲಿಂದ ನ್ಯೂಯಾರ್ಕ್ ಎಂಟು ಗಂಟೆ ಹಿಂದೆ. ಅವರ ಕೆಲಸ ಶುರುವಾಗುವಾಗ ನನಗೆ ಸಂಜೆ ಐದು, ಮುಗಿಯುವಾಗ ರಾತ್ರಿ ಒಂದು. ಮಲಗುವಷ್ಟರಲ್ಲಿ ಎರಡು, ಏಳುವಾಗ ಒಂಬತ್ತೂವರೆ. ನನ್ನ ಬೆಳಗಿನ ಓಟ, ಓದು ಎಲ್ಲ ಹಾಳಾಯಿತು ಅಂತ ಗೋಳಾಡುತ್ತಿದ್ದೆ. ಆಮೇಲೆ ಲಿಸ್ಬನ್‌ಗೆ ಬಂದೆ. ಮೂರು ಗಂಟೆ ಪಶ್ಚಿಮಕ್ಕೆ. ಅಲ್ಲಿನ ಎರಡು ಇಲ್ಲಿ ಹನ್ನೊಂದು, ಅಲ್ಲಿನ ಒಂಬತ್ತೂವರೆ ಇಲ್ಲಿ ಆರೂವರೆ. ದೇಹ ಮಾತ್ರ ಅದೇ ಹೊತ್ತಿಗೆ ಮಲಗಿ ಅದೇ ಹೊತ್ತಿಗೆ ಏಳುತ್ತಿತ್ತು, ಅಷ್ಟಕ್ಕೇ ನಾನು ಬೇಗ ಏಳುವ ಸಭ್ಯ ಮನುಷ್ಯನಾಗಿಬಿಟ್ಟೆ! ಒಂದಿಷ್ಟೂ ಕಷ್ಟಪಡದೆ.

ಇದರ ಬಗ್ಗೆ ಯೋಚಿಸುವಾಗಲೆಲ್ಲ ಒಂದು ಅಧ್ಯಯನ ನೆನಪಾಗುತ್ತದೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿದ್ದರು. ಹೊಸ ಅಭ್ಯಾಸವೊಂದು ತನ್ನಷ್ಟಕ್ಕೆ ನಡೆಯುವಂತಾಗಲು ಎಷ್ಟು ದಿನ ಬೇಕು ಅನ್ನುವುದು ಪ್ರಶ್ನೆ. ಸರಾಸರಿ 66 ದಿನ ಅಂತ ಲೆಕ್ಕ ಬಂತು. ಕೆಲವರಿಗೆ 18, ಕೆಲವರಿಗೆ 254ರವರೆಗೂ ಅಂತ ಅಂದಾಜು. ಎಲ್ಲರೂ 66 ಅನ್ನುವ ಅಂಕಿಯನ್ನು ಹಿಡಿದುಕೊಂಡು ಓಡಾಡುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು: ಅಧ್ಯಯನದಲ್ಲಿದ್ದವರೆಲ್ಲ ಆ ಹೊಸ ಕೆಲಸವನ್ನು ದಿನವೂ ಒಂದೇ ಸಂದರ್ಭಕ್ಕೆ ಕಟ್ಟಿಹಾಕಿದ್ದರು. 'ತಿಂಡಿ ಆದಮೇಲೆ' ಅನ್ನುವ ಹಾಗೆ. ತಿಂಗಳಿಗೊಂದು ಊರು ಬದಲಿಸುವ ನನಗೆ 66 ದಿನ ಒಂದೇ ಮೇಜು, ಒಂದೇ ಕಿಟಕಿ ಎಲ್ಲಿಂದ ಬರಬೇಕು?

ಹಾಗಾಗಿ ಈಗೀಗ ಅಭ್ಯಾಸಗಳನ್ನು ನನ್ನ ಜೊತೆ ಬರುವ ಸಾಮಾನುಗಳಿಗೆ ಕಟ್ಟುತ್ತಿದ್ದೇನೆ. ಶೂ ಯಾವಾಗಲೂ ಹಾಸಿಗೆ ಪಕ್ಕ. ಕಾಲು ಕೆಳಗಿಟ್ಟರೆ ಮೊದಲು ಸಿಗುವುದು ಅದೇ. ಗಂಟೆ ಎಷ್ಟೇ ಆಗಿರಲಿ, ಹಾಕಿಕೊಂಡು ಹೊರಗೆ ಹೋಗುವುದು. ಹಗಲಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಹೊಸ ಊರಿಗೆ ಹೊಂದಿಕೊಳ್ಳಲು ಸಹಾಯವಾಗುತ್ತದೆ, ಅದೂ ಒಂದು ಲಾಭ. ವಾಪಸ್ ಬಂದಮೇಲೆ ಪುಟ್ಟ ಕೀಬೋರ್ಡ್ ಹೊರಗೆ ತೆಗೆಯುತ್ತೇನೆ. ಲ್ಯಾಪ್‌ಟಾಪನ್ನು ಏನಾದರೊಂದರ ಮೇಲೆ ಎತ್ತರಕ್ಕೆ ಇಡುತ್ತೇನೆ. ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬಂದರೆ ಕತ್ತು ಉಳಿಯುತ್ತದೆ. ಇಲ್ಲಿ ಆ ಕೆಲಸಕ್ಕೆ ಈ ಬಾಡಿಗೆ ಮನೆಯ ಮಾಲೀಕರು ಬಿಟ್ಟುಹೋದ ನಾಲ್ಕು ದಪ್ಪ ನಿಘಂಟುಗಳಿವೆ. ಕೀಬೋರ್ಡ್ ಹೊರಗಿದ್ದರೆ ಆಫೀಸು, ಒಳಗಿದ್ದರೆ ಮನೆ.

ಶುರು ಮಾಡುವುದು ಯಾವತ್ತೂ ಕಷ್ಟವಾಗಿರಲಿಲ್ಲ. ಮುಗಿಸುವುದೇ ಕಷ್ಟ. ಆಫೀಸಿಗೆ ಹೋಗುತ್ತಿದ್ದಾಗ ಬಸ್ಸು ತಪ್ಪುತ್ತದೆ ಅಂತಲಾದರೂ ಏಳುತ್ತಿದ್ದೆ. ಈಗ ತಪ್ಪುವುದಕ್ಕೆ ಬಸ್ಸೇ ಇಲ್ಲ. ಲಿಸ್ಬನ್‌ಗೆ ಬಂದ ಮೊದಲ ವಾರ ಏನಾಯಿತು ಗೊತ್ತಾ? ಟೀಮ್ ಬರುವುದು ಎರಡಕ್ಕೆ, ಬೆಳಿಗ್ಗೆ ಪೂರ್ತಿ ನನ್ನದು ಅಂದುಕೊಂಡೆ. ಆದರೆ ಸುಮ್ನೆ ಒಂದ್ಸಲ ಮೇಲ್ ನೋಡೋಣ ಅಂತ ಒಂಬತ್ತಕ್ಕೇ ಕೂರುತ್ತಿದ್ದೆ. ರಾತ್ರಿ ಅವರು ಮುಗಿಸುವವರೆಗೂ, ಅಂದರೆ ಹತ್ತರವರೆಗೂ, ಉತ್ತರ ಕೊಡುತ್ತಿದ್ದೆ. ಹದಿಮೂರು ಗಂಟೆ! ಊರು ನೋಡಲು ಬಂದವನು ನೋಡಿದ್ದು ಅಡುಗೆಮನೆಯ ಮೇಜು ಮಾತ್ರ.

ತಮಾಷೆ ಅಂದರೆ, ಪೋರ್ಚುಗಲ್‌ನಲ್ಲಿ 2022ರಿಂದ ಒಂದು ಕಾನೂನಿದೆ. ತುರ್ತು ಇಲ್ಲದಿದ್ದರೆ ಕೆಲಸದ ಹೊತ್ತು ಮುಗಿದಮೇಲೆ ಕಂಪನಿಯವರು ಕೆಲಸಗಾರರನ್ನು ಸಂಪರ್ಕಿಸುವಂತಿಲ್ಲ. ಫ್ರಾನ್ಸ್ 2017ರಲ್ಲೇ ಇಂಥದ್ದೊಂದು ಹಕ್ಕನ್ನು ಜಾರಿಗೆ ತಂದಿತ್ತು, ಆಸ್ಟ್ರೇಲಿಯಾ 2024ರಲ್ಲಿ. ಬೇರೆ ದೇಶದ ಕಂಪನಿಗೆ ದುಡಿಯುತ್ತಾ ನಾಲ್ಕು ದಿನ ಇದ್ದು ಹೋಗುವ ನನಗೆ ಇದು ಅನ್ವಯಿಸುತ್ತೆ ಅಂತ ನಾನೇನೂ ಅಂದುಕೊಂಡಿಲ್ಲ. ಅನ್ವಯಿಸಿದರೂ ಉಪಯೋಗವಿಲ್ಲ. ರಾತ್ರಿ ಒಂಬತ್ತಕ್ಕೆ ಉತ್ತರ ಕೊಡು ಅಂತ ನನಗೆ ಯಾರೂ ಹೇಳಿರಲಿಲ್ಲ. ಕೇಸು ಹಾಕುವುದಾದರೆ ನನ್ನ ಮೇಲೆ ನಾನೇ ಹಾಕಬೇಕು.

ಎರಡನೇ ವಾರ ಮ್ಯಾನೇಜರ್ ಹತ್ತಿರ ಮಾತಾಡಿದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು ಒಬ್ಬನೇ ಮಾಡುವ ಕೆಲಸ, ಎರಡರಿಂದ ಆರೂವರೆ ಟೀಮ್ ಜೊತೆ. ಆಮೇಲೆ ನಾಳೆಗೆ. ದೊಡ್ಡ ಜಗಳಕ್ಕೇ ತಯಾರಾಗಿ ಹೋಗಿದ್ದೆ, ಅವರು 'ಸರಿ' ಅಂದು ಮುಂದಿನ ವಿಷಯಕ್ಕೆ ಹೋದರು. ಸ್ವಲ್ಪ ಬೇಜಾರೇ ಆಯಿತು.

ಈಗ ಆರೂವರೆಗೆ ಲ್ಯಾಪ್‌ಟಾಪ್, ಕೀಬೋರ್ಡ್, ಚಾರ್ಜರ್ ಎಲ್ಲವೂ ಬ್ಯಾಗಿಗೆ. ಪ್ರಯಾಣ ಹೊರಟವನ ಹಾಗೆ ಚಾರ್ಜರಿನ ವೈರನ್ನೂ ಸುತ್ತಿ ಇಡುತ್ತೇನೆ. ನಾಳೆ ಬೆಳಿಗ್ಗೆ ಅದೇ ಮೇಜಿನ ಮೇಲೆ ಮತ್ತೆ ಹರಡಬೇಕು ಅಂತ ಗೊತ್ತಿದ್ದರೂ. ಸೋಮಾರಿತನಕ್ಕೂ ಒಂದು ಉಪಯೋಗವಿದೆ: ಸುತ್ತಿಟ್ಟ ವೈರ್ ಬಿಚ್ಚಿ ಮೇಲ್ ನೋಡುವಷ್ಟು ಉತ್ಸಾಹ ರಾತ್ರಿ ನನಗಿರುವುದಿಲ್ಲ. ಫೋನಿನಿಂದ ಆಫೀಸಿನ ಆ್ಯಪ್‌ಗಳನ್ನು ತೆಗೆದುಹಾಕಿದ್ದೇನೆ. ಕ್ಯಾಲೆಂಡರನ್ನು ಮಾತ್ರ ಇವತ್ತು ಕ್ಷಮೆ ಕೇಳಿ ವಾಪಸ್ ಕರೆದೆ.

ಊರು ಬದಲಿಸುವ ದಿನಗಳ ಬಗ್ಗೆ ಇನ್ನೂ ದಾರಿ ಸಿಕ್ಕಿಲ್ಲ. ಪ್ರಯಾಣದ ದಿನ ರಜೆ ಹಾಕುವುದು ಶುರು ಮಾಡಿದ್ದೇನೆ, ವಿಮಾನ ನಿಲ್ದಾಣದಲ್ಲಿ ಕೂತು ಮಾಡಿದ ಕೆಲಸವನ್ನು ಮರುದಿನ ಹೇಗೂ ಮತ್ತೆ ಮಾಡಬೇಕಾಗುತ್ತಿತ್ತು. ಆದರೂ ಪ್ರತಿ ಹೊಸ ಊರಿನಲ್ಲಿ ಮೊದಲ ವಾರ ಕೈಗೆ ಸಿಗುವುದಿಲ್ಲ. ಪ್ಲಗ್ ಎಲ್ಲಿದೆ, ಯಾವ ಮೂಲೆಯಲ್ಲಿ ಸಿಗ್ನಲ್ ಬರುತ್ತೆ, ಪಕ್ಕದ ಮನೆಯ ನಾಯಿ ಎಷ್ಟು ಹೊತ್ತಿಗೆ ಬೊಗಳುತ್ತೆ... ಮೊದಲು ಹತ್ತು ದಿನಕ್ಕೊಂದು ಊರು ಸುತ್ತುತ್ತಿದ್ದವನು ಹೇಗೆ ಬದುಕಿದ್ದೆನೋ!

ಇವತ್ತು ಆರೂವರೆಗೆ ಬ್ಯಾಗ್ ಮುಚ್ಚುವಷ್ಟರಲ್ಲಿ ಹೊರಗೆ ಪೂರ್ತಿ ಕತ್ತಲೆ. ಹೋದ ವಾರ ಇದೇ ಹೊತ್ತಿಗೆ ಇನ್ನೂ ಬೆಳಕಿತ್ತು. ಕತ್ತಲಲ್ಲೇ ನಡೆದು ಬಂದೆ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಟೈಪ್ ಮಾಡಿ ಹಾಕುತ್ತೇನೆ. ನ್ಯೂಯಾರ್ಕಿನಲ್ಲಿ ಈಗ ಸಂಜೆ 4.40. ಅವರು ಇನ್ನೂ ಏನೇನೋ ಕಳಿಸುತ್ತಿರುತ್ತಾರೆ.

ಮುಂದಿನ ಮಂಗಳವಾರ, ನವೆಂಬರ್ 4: ಮೀಟಿಂಗ್ ಮತ್ತೆ ಎರಡು ಗಂಟೆಗೆ. ಒಂದಕ್ಕೆ ಹೋಗಿ ಕೂರಬಾರದು.